ಒಂದು ಡಬ್ಬಿ ತಪಾಸಣೆಗೆ

ರೇಷ್ಮೆ ಸಾಕುವವರು ಬೆಂಗಳೂರಿಗೆ ಹೋದರೆ ಏನಾದರೊಂದು ಆಗಿಯೇ ಆಗುತ್ತದೆ. ಏನೂ ಆಗದೆ ವಾಪಸು ಬಂದವರು ನಮ್ಮ ಕೈಲಾಂಚದ ಕಡೆ ಯಾರೂ ಇಲ್ಲ. ನಮಗೆ ಆದದ್ದೆಲ್ಲ ಮೊಮ್ಮಗಳ ಹಾಸ್ಟೆಲಿನ ದೆಸೆಯಿಂದ.

ಮಗ, ಸೊಸೆ ಇಬ್ಬರೂ ಬಿಡದಿಯಲ್ಲಿ ಕಾರ್ಖಾನೆ ಕೆಲಸದವರು. ಪಾಳಿ ಬದಲಾಗುತ್ತಲೇ ಇರುತ್ತದೆ. ಹುಡುಗಿ ಬೆಳೆದದ್ದು ನನ್ನ ಹೆಂಡತಿಯ ಕೈಯಲ್ಲಿ, ಹುಳು ಸಾಕುವ ಮನೆಯ ಬಾಗಿಲಲ್ಲಿ. ಬಿ.ಎಸ್ಸಿ. ರಾಮನಗರದಲ್ಲೇ ಮುಗಿಸಿದಳು. ಎಂ.ಎಸ್ಸಿ.ಗೆ ಬೆಂಗಳೂರಿನ ದೊಡ್ಡ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ನಮ್ಮ ಮನೆಯಿಂದ ಅಲ್ಲಿಯವರೆಗೆ ಓದಲು ಹೋದ ಮೊದಲ ಹೆಣ್ಣು ಅವಳು. ನನ್ನ ಹೆಂಡತಿಗೆ ಇದ್ದ ಆಸೆ ಒಂದೇ. ಹುಡುಗಿ ಓದು ಮುಗಿಸಿ ಬರಬೇಕು, ಅರ್ಧಕ್ಕೆ ಬರಬಾರದು.

ಸುಣ್ಣ

ಹೆಣ್ಣುಮಕ್ಕಳ ಹಾಸ್ಟೆಲಿನೊಳಗೆ ಗಂಡಸರನ್ನು ಬಿಡುವುದು ಸೇರಿಸುವ ದಿನ ಮಾತ್ರ. ಮೂವರೂ ಹೋದೆವು. ಕೋಣೆಯಲ್ಲಿ ಎರಡು ಮಂಚ, ಎರಡು ಮೇಜು, ಒಂದು ಕಿಟಕಿ. ಮೂಲೆಯಲ್ಲಿ ಹಿಂದಿನವರು ಬಿಟ್ಟುಹೋದ ಒಂಟಿ ಚಪ್ಪಲಿ. ನನ್ನ ಹೆಂಡತಿ ಅದನ್ನೇ ನೋಡಿದಳು. "ಹಿಂದಿನ ಬೆಳೆಯವ್ರು ಏನ್ ರೋಗ ಬುಟ್ಟೋಗವ್ರೋ" ಎಂದಳು.

ನಮ್ಮಲ್ಲಿ ಒಂದು ಬೆಳೆ ಹುಳು ಮುಗಿದು ಹೊಸ ಹುಳು ತರುವ ಮುಂಚೆ ಮನೆಯನ್ನು ತೊಳೆದು, ಬ್ಲೀಚಿಂಗ್ ಪುಡಿಯನ್ನೂ ಸುಣ್ಣವನ್ನೂ ಹಾಕಿ ಬಾಗಿಲು ಮುಚ್ಚಿಬಿಡುತ್ತೇವೆ. ಇಲ್ಲದಿದ್ದರೆ ಹುಳಕ್ಕೆ ರೋಗ. ರಾಗಿ ಹಿಟ್ಟಿನ ಚೀಲದ ಕೆಳಗಿನಿಂದ ಪುಡಿಯ ಪೊಟ್ಟಣ ಹೊರಗೆ ಬಂತು. ನಾನು ನೀರು ಹೊತ್ತೆ. ಅವಳು ಎರಚಿದಳು. ಕಿಟಕಿ, ಬಾಗಿಲು ಭದ್ರ ಮಾಡಿ ಊಟಕ್ಕೆ ಹೋದೆವು.

ತಿರುಗಿ ಬಂದಾಗ ಆ ಮಹಡಿಯ ಹುಡುಗಿಯರೆಲ್ಲ ಮೂಗಿಗೆ ದುಪಟ್ಟಾ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ನಮ್ಮ ಕೋಣೆಯ ಇನ್ನೊಂದು ಮಂಚಕ್ಕೆ ಬಂದಿದ್ದ ಕನಕಪುರದ ಹುಡುಗಿ ಸೂಟ್‌ಕೇಸ್ ತಬ್ಬಿಕೊಂಡು ಅಳುತ್ತಿದ್ದಳು. ಕಣ್ಣುರಿಗೋ, ಊರು ಬಿಟ್ಟದ್ದಕ್ಕೋ ತಿಳಿಯಲಿಲ್ಲ. ವಾರ್ಡನ್ ಮೇಡಂ ಬಂದು, ಇದನ್ನು ಮಾಡಿದವರು ಯಾರು ಎಂದು ಕೇಳಿದರು.

"ನಾನೇ ಕಣವ್ವ" ಎಂದಳು ನನ್ನ ಹೆಂಡತಿ. "ನಾಳೆ ಬೆಳಿಗ್ಗೆ ಬಾಗ್ಲು ತಗುದ್ರೆ ಆಯ್ತು. ಒಂದ್ ಹುಳಾನೂ ಸಾಯಲ್ಲ."

ಇಲ್ಲಿ ಹುಳು ಇಲ್ಲ, ಹೆಣ್ಣುಮಕ್ಕಳಿದ್ದಾರೆ ಎಂದರು ಮೇಡಂ. ಅವೂ ಹಂಗೇ, ಗಾಳಿ, ಮೇವು, ಶುಚಿ ಮೂರನ್ನೂ ನೋಡಿಕೊಂಡರೆ ತಾವೇ ಗೂಡು ಕಟ್ಟುತ್ತವೆ ಎಂದಳು ಇವಳು.

ಮೇಡಂ ಮೊಮ್ಮಗಳ ಕಡೆ ತಿರುಗಿ ಯಾವ ವಿಭಾಗ ಎಂದು ಕೇಳಿದರು. ಕೆಮಿಸ್ಟ್ರಿ ಎಂದಳು ಹುಡುಗಿ.

"ನಿಮ್ಮಜ್ಜಿದೂ ಅದೇನಾ?"

ಓದುವ ಮನೆ

ಆ ವಿಶ್ವವಿದ್ಯಾಲಯದ ಒಳಗೆ ಒಂದು ಊರನ್ನೇ ಇಡಬಹುದು. ಗೇಟಿನಿಂದ ಹಾಸ್ಟೆಲಿಗೆ ಹೋಗಲು ಬಸ್ಸು ಬೇಕು. ಬ್ಯಾಂಕು, ಆಸ್ಪತ್ರೆ, ಅಂಚೆ ಕಚೇರಿ ಎಲ್ಲ ಉಂಟು. ನನ್ನ ಹೆಂಡತಿಗೆ ಅದೇನೂ ಬೇಡ. ಹುಡುಗಿ ಎಲ್ಲಿ ಕೂತು ಓದುತ್ತಾಳೋ ಅದನ್ನು ತೋರಿಸಿ ಎಂದಳು. ಇನ್ನೊಂದು ಸಲ ಹೋದಾಗ ಲೈಬ್ರರಿಗೆ ಕರೆದುಕೊಂಡು ಹೋದಳು ಮೊಮ್ಮಗಳು.

ಹುಳು ಪೊರೆ ಕಳಚುವ ಮುಂಚೆ ತಿನ್ನುವುದನ್ನು ಬಿಡುತ್ತದೆ. ತಲೆ ಎತ್ತಿ, ಅಲುಗಾಡದೆ ಕೂರುತ್ತದೆ. ನಮ್ಮ ಕಡೆ ಅದನ್ನು ಜ್ವರಕ್ಕೆ ಕೂರುವುದು ಎನ್ನುತ್ತೇವೆ. ಹೊಸಬರು ಸತ್ತವು ಎಂದು ಹೆದರುತ್ತಾರೆ. ಸತ್ತಿರುವುದಿಲ್ಲ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಗಟ್ಟಿಯಾಗಿ ಮಾತಾಡಬಾರದು. ಎದ್ದ ಮೇಲೆ ಮುಂಚಿಗಿಂತ ಹೆಚ್ಚು ತಿನ್ನುತ್ತವೆ.

ಲೈಬ್ರರಿಯ ಬಾಗಿಲು ತಳ್ಳಿದೆವು. ಸಾಲು ಮೇಜುಗಳ ಮುಂದೆ ನೂರಾರು ಮಕ್ಕಳು ಅಲುಗಾಡದೆ ಕೂತಿದ್ದರು. ಪರೀಕ್ಷೆಯ ಕಾಲ. ನನ್ನ ಹೆಂಡತಿ ಒಂದು ಸಲ ನೋಡಿದಳು. ನನ್ನ ತೋಳು ಹಿಡಿದು ಈಚೆಗೆ ಎಳೆದಳು. ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿದಳು.

ಬಾಗಿಲಲ್ಲಿ ಕೂತಿದ್ದವನಿಗೆ, "ಒಳಕ್ಕೆ ಯಾರ್ನೂ ಬುಡಬ್ಯಾಡ ಕಣಪ್ಪ, ಎಲ್ಲಾ ಜ್ವರಕ್ಕೆ ಕೂತವೆ" ಎಂದು ಪಿಸುಗುಟ್ಟಿದಳು.

ಪಾಪ, ಅವನು ಒಳಗೆ ಹೋಗಬೇಕಾಗಿದ್ದ ಒಬ್ಬ ಪ್ರೊಫೆಸರನ್ನು ಸ್ವಲ್ಪ ಹೊತ್ತು ತಡೆದನಂತೆ.

ಗೇಟು

ಮೆಸ್ಸಿನಲ್ಲಿ ಮುದ್ದೆ ಕೊಡುವುದು ವಾರಕ್ಕೊಂದು ದಿನ. ಅದೂ ನಿಂಬೆಹಣ್ಣಿನ ಗಾತ್ರ. ಇದು ತಿಳಿದ ಮೇಲೆ ನನ್ನ ಹೆಂಡತಿ ಸುಮ್ಮನಿರಲಿಲ್ಲ. ಶನಿವಾರ ಬಂದರೆ ಮುದ್ದೆ, ಉಪ್ಸಾರು ಕಟ್ಟಿಕೊಂಡು, ಬಸ್ಸು ಹತ್ತಿ ರಾಮನಗರಕ್ಕೆ, ರೈಲು ಹತ್ತಿ ಬೆಂಗಳೂರಿಗೆ, ಮತ್ತೆ ಬಸ್ಸು. ಚೀಲ ಹೊರಲು ನಾನು.

ಗೇಟಿನ ಕಾವಲುಗಾರ ಮಾಗಡಿ ಕಡೆಯವನು. ಚೀಲ ತೆಗೆಯಿರಿ ಎಂದ. ಡಬ್ಬಿ ಬಿಚ್ಚಿ ಎಂದ. ಉಪ್ಸಾರಿನ ವಾಸನೆ ಬಂತು. ಬಹಳ ಹೊತ್ತು ತಪಾಸಣೆ ಮಾಡಿದ. ಇದು ಏನು ಖಾರ ಎಂದು ಕೇಳಿದ. ಹಸಿಮೆಣಸಿನಕಾಯಿಯದೋ, ಒಣಮೆಣಸಿನಕಾಯಿಯದೋ ಎಂದು ಕೇಳಿದ. ಊರಿಗೆ ಹೋಗಿ ಎಷ್ಟು ದಿನ ಆಯಿತಪ್ಪ ಎಂದು ನನ್ನ ಹೆಂಡತಿ ಕೇಳಿದಳು. ಅವನು ಡಬ್ಬಿಯ ಮುಚ್ಚಳ ಹಾಕಿ ಆ ಕಡೆ ನೋಡಿದ.

ಮುಂದಿನ ಶನಿವಾರದಿಂದ ಅವಳು ಎರಡು ಡಬ್ಬಿ ಕಟ್ಟತೊಡಗಿದಳು. ಒಂದು ಮೊಮ್ಮಗಳಿಗೆ, ಒಂದು ತಪಾಸಣೆಗೆ.

ಸಂಜೆಯ ಫೋನು

ಉಳಿದ ದಿನ ಫೋನು. ಸಂಜೆ ಹುಳಕ್ಕೆ ಸೊಪ್ಪು ಹಾಕಿ, ಕೈ ತೊಳೆದು, ಜಗುಲಿಯಲ್ಲಿ ಕೂತು ಮಾಡುತ್ತಿದ್ದಳು. ಕೇಳುವುದು ದಿನಾ ಅದೇ. ಊಟ ಆಯ್ತಾ. ಮುದ್ದೆ ಇತ್ತಾ. ಕಿಟಕಿ ತಗುದಿದ್ದೀಯಾ. ಕನಕಪುರದವಳು ಜಗಳಕ್ಕೆ ಬಂದ್ಲಾ. ಹುಡುಗಿ ದಿನಾ ಅದೇ ಉತ್ತರ ಹೇಳುತ್ತಿದ್ದಳು. ಅದಕ್ಕೆ ಇಬ್ಬರಿಗೂ ಅರ್ಧ ಗಂಟೆ ಬೇಕಾಗುತ್ತಿತ್ತು.

ಕೊನೆಗೆ ನನ್ನ ಕಡೆ ನೋಡಿಕೊಂಡು, "ತಾತನ್ ತಾವ ಮಾತಾಡ್ತೀಯಾ?" ಎನ್ನುತ್ತಿದ್ದಳು. ಕೊಡು ಎನ್ನುತ್ತಿದ್ದಳು ಹುಡುಗಿ. ನಾನು ಫೋನು ತೆಗೆದುಕೊಂಡು "ಯಾರು?" ಎನ್ನುತ್ತಿದ್ದೆ. ನಾನು, ತಾತ ಎನ್ನುತ್ತಿದ್ದಳು ಹುಡುಗಿ. ಸರಿ ಎಂದು ಇಟ್ಟುಬಿಡುತ್ತಿದ್ದೆ.

ಹುಡುಗಿ ಫೋನನ್ನು ಸ್ಪೀಕರಿಗೆ ಹಾಕುತ್ತಿದ್ದಳಂತೆ. ಹಾಸ್ಟೆಲಿನಲ್ಲಿ ಇದನ್ನು ಕೇಳುವುದಕ್ಕೆಂದೇ ಪಕ್ಕದ ಕೋಣೆಯವರು ಬರುತ್ತಿದ್ದರಂತೆ. ನಿಮ್ಮ ತಾತ ಪೊಲೀಸ್ ಇಲಾಖೆಯಲ್ಲಿದ್ದರಾ ಎಂದು ಯಾರೋ ಕೇಳಿದರಂತೆ. ಇಲ್ಲ, ರೇಷ್ಮೆ ಇಲಾಖೆಯವರೂ ಅವರನ್ನು ಕಂಡರೆ ಹೆದರುತ್ತಾರೆ ಎಂದಳಂತೆ ಮೊಮ್ಮಗಳು.

ಹಸು

ಎರಡನೇ ವರ್ಷ ನನ್ನ ಹೆಂಡತಿ ಮಲಗಿದಳು. ರಾಮನಗರದ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ನನ್ನನ್ನೂ ಮಗನನ್ನೂ ಹೊರಗೆ ಕರೆದು ಹೇಳಿದರು. ಒಳಗೆ ಬಂದಾಗ ಅವಳು ನಮ್ಮ ಮುಖ ನೋಡಿ, ಹುಡುಗಿಗೆ ಪರೀಕ್ಷೆ ಐತೆ, ಯಾರೂ ಬಾಯಿ ಬಿಡಬಾರದು ಎಂದಳು.

ಹುಳು ಬಿಟ್ಟು ಬರಲಾಗುವುದಿಲ್ಲ ಎಂದು ನೆಪ ಹೇಳಿ ಶನಿವಾರದ ಡಬ್ಬಿ ನಿಲ್ಲಿಸಿದೆವು. ಸಂಜೆಯ ಫೋನು ಮಾತ್ರ ನಿಲ್ಲಲಿಲ್ಲ. ಆ ಹೊತ್ತಿಗೆ ವಾರ್ಡಿಗೆ ವಾರ್ಡೇ ಸುಮ್ಮನಾಗುತ್ತಿತ್ತು. ಕೆಮ್ಮುವವರು ಬಾಯಿಗೆ ಸೆರಗು ಒತ್ತಿಕೊಳ್ಳುತ್ತಿದ್ದರು. ನರ್ಸಮ್ಮ ಟ್ರಾಲಿಯನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದಳು. ಇವಳು ದಿಂಬಿಗೆ ಒರಗಿಕೊಂಡು, ಉಸಿರು ಕೂಡಿಸಿಕೊಂಡು, ಊಟ ಆಯ್ತಾ, ಮುದ್ದೆ ಇತ್ತಾ ಎಂದು ಶುರು ಮಾಡುತ್ತಿದ್ದಳು.

ಒಂದು ಸಂಜೆ ಯಾರದೋ ಕೈಯಿಂದ ಸ್ಟೀಲ್ ತಟ್ಟೆ ಬಿತ್ತು. ಅದೇನು ಸದ್ದು ಎಂದಳು ಹುಡುಗಿ. ಕೊಟ್ಟಿಗೇಲಿ ಇವ್ನಿ ಕಣ್ ಮಗ ಎಂದಳು ಇವಳು. ಪಕ್ಕದ ಮಂಚದಲ್ಲಿ ಚನ್ನಪಟ್ಟಣದ ಹೆಂಗಸೊಬ್ಬಳಿದ್ದಳು. ಒಳ್ಳೆಯವಳು. ಮಾತಿಗೆ ಬಲ ಬರಲಿ ಎಂದು ಅವಳು ಹಸು ಕೂಗಿದ ಹಾಗೆ ಕೂಗಿಬಿಟ್ಟಳು. ಚೆನ್ನಾಗಿಯೇ ಕೂಗಿದಳು.

ಹುಡುಗಿ ಮೆಲ್ಲಗೆ ಹೇಳಿದಳು. "ಅಜ್ಜಿ, ಹಸು ಮಾರ್ಬುಟ್ವಲ್ಲ."

ಅಪ್ಪನಿಗೆ ಫೋನು ಮಾಡಿ ಕೇಳಿದಳಂತೆ. ಮಗನಿಗೆ ಸುಳ್ಳು ಹೇಳಲು ಬರುವುದಿಲ್ಲ. ಮಾರನೆಯ ಬೆಳಿಗ್ಗೆ ಮೊದಲ ರೈಲಿಗೆ ಬಂದು ಮಂಚದ ಪಕ್ಕ ಕೂತಳು. ಅಜ್ಜಿಯ ಕೈ ಹಿಡಿದುಕೊಂಡಳು. ಅಜ್ಜಿ ಅವಳಿಗೆ ಏನೂ ಬೈಯಲಿಲ್ಲ. ಪಕ್ಕದ ಮಂಚದ ಕಡೆ ಕತ್ತು ತಿರುಗಿಸಿದಳು.

"ಮೇಕೆ ಕೂಗ್ಬೇಕಿತ್ತು ಕಣಕ್ಕ" ಎಂದಳು. "ಮೇಕೆ ಇನ್ನೂ ಐತೆ."

ಎರಡು ಡಬ್ಬಿ

ನನ್ನ ಹೆಂಡತಿ ಆ ವಾರವೇ ಹೋದಳು.

ಕಾರ್ಯ ಮುಗಿಯಿತು. ಹುಡುಗಿ ಹಾಸ್ಟೆಲಿಗೆ ಹೊರಡಲಿಲ್ಲ. ಹುಳುವಿನ ಮನೆಯ ಬಾಗಿಲಲ್ಲಿ ಕೂತಿರುತ್ತಿದ್ದಳು. ಒಳಗೆ ಹುಳು ಇರಲಿಲ್ಲ, ಆ ಬೆಳೆ ನಾವು ಎತ್ತಿರಲಿಲ್ಲ. ಊಟ ಬಿಟ್ಟಿದ್ದಳು. ಬಂದವರೆಲ್ಲ ತಿನ್ನು ತಿನ್ನು ಎಂದು ತಟ್ಟೆ ಹಿಡಿಯುತ್ತಿದ್ದರು. ಜ್ವರಕ್ಕೆ ಕೂತಿದ್ದಾಳೆ, ಬಿಡಿ ಎಂದೆ.

ಮಗ ಬಂದು, ಓದು ಸಾಕು ಅನ್ನಿಸಿದರೆ ಸಾಕು ಮಾಡಲಿ, ಬಿಡದಿಯಲ್ಲಿ ಲ್ಯಾಬಿನ ಕೆಲಸಕ್ಕೆ ಜನ ಕೇಳುತ್ತಿದ್ದಾರೆ ಎಂದ. ಹುಡುಗಿ ಬೇಡವೆನ್ನಲಿಲ್ಲ. ನನಗೆ ಮಾತ್ರ, "ಅಲ್ಲಿ ಸಂಜೆ ಆದ್ರೆ ಫೋನ್ ನೋಡ್ಕೊಂಡ್ ಕೂತಿರ್ಬೇಕು ತಾತ. ನನ್ ಕೈಲಿ ಆಗಲ್ಲ" ಎಂದಳು.

ನಾಳೆ ರೈಲಿಗೆ ಹೊರಡು ಎಂದೆ. ಒಂದು ವಾರ ಇದ್ದು ನೋಡುತ್ತೇನೆ, ಆಮೇಲೆ ಬಂದುಬಿಡುತ್ತೇನೆ ಎಂದಳು. ಸರಿ ಎಂದೆ.

ಬೆಳಿಗ್ಗೆ ಸೊಸೆಗೆ ಪಾಳಿ. ನಾನೇ ಮುದ್ದೆ ತೊಳಸಿದೆ. ಜೀವಮಾನದಲ್ಲಿ ಮೊದಲ ಸಲ. ಎರಡು ಡಬ್ಬಿಗೂ ಹಾಕಿದೆ. ಏಕೆ ಎರಡು ಎಂದು ಯೋಚಿಸಲಿಲ್ಲ. ಗೂಟದಲ್ಲಿ ಎರಡು ಡಬ್ಬಿ ತೂಗುತ್ತಿದ್ದವು, ಎರಡನ್ನೂ ತೆಗೆದುಕೊಂಡೆ.

ಗೇಟಿನಲ್ಲಿ ಮಾಗಡಿಯವನು ನಗುತ್ತಾ ಎದ್ದು ಬಂದ. ನನ್ನ ಬೆನ್ನ ಹಿಂದೆ ನೋಡಿದ. ಇನ್ನೂ ಹಿಂದೆ ರಸ್ತೆಯವರೆಗೆ ನೋಡಿದ. ಅಮ್ಮ ಬರಲಿಲ್ವಾ ಎಂದ. ಇಲ್ಲ ಎಂದೆ. ಹುಡುಗಿಯ ಮುಖ ನೋಡಿದ ಮೇಲೆ ಅವನಿಗೆ ತಿಳಿಯಿತು.

ತಪಾಸಣೆಯ ಡಬ್ಬಿಯನ್ನು ಅವನ ಕೈಗಿಟ್ಟೆ. ಕುರ್ಚಿಯಲ್ಲಿ ಕೂತು ಮುಚ್ಚಳ ತೆಗೆದ. ಒಂದು ತುತ್ತು ಮುರಿಯಲು ಹೋದ. ಮುರಿಯಲಿಲ್ಲ. ಎರಡು ಕೈಯಲ್ಲಿ ಮುರಿದು ಬಾಯಿಗೆ ಹಾಕಿಕೊಂಡ. ಅವನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ. ಪೂರ್ತಿ ತಿಂದ.

ಹೇಗಿದೆ ಎಂದು ಕೇಳಿದೆ.

ಅವನು ಎದ್ದು ಹೋಗಿ ತನ್ನ ಊಟದ ಡಬ್ಬಿಯನ್ನು ತಂದು ಹುಡುಗಿಯ ಕೈಯಲ್ಲಿಟ್ಟ. ನನ್ನ ಇನ್ನೊಂದು ಡಬ್ಬಿಯನ್ನು ಚೀಲದಿಂದ ತೆಗೆದು ಮೇಜಿನ ಕೆಳಗೆ ಇಟ್ಟುಕೊಂಡ.

"ತಪ್ಪು ತಿಳೀಬ್ಯಾಡಿ ಯಜಮಾನ್ರೇ" ಎಂದ. "ಇಂಥವನ್ನ ಒಳಕ್ ಬುಡೋಕೆ ನಮಗೆ ಪರ್ಮಿಷನ್ ಇಲ್ಲ."

ಈ ಕಿವಿ, ಆ ಕಿವಿ

ನಾಲ್ಕಾರು ದಿನ ಬಿಟ್ಟು ಕನಕಪುರದ ಹುಡುಗಿ ನನಗೆ ಫೋನು ಮಾಡಿದಳು. ಬ್ಯಾಗು ತಂದದ್ದು ತಂದ ಹಾಗೆಯೇ ಮಂಚದ ಕಾಲ ಹತ್ತಿರ ಇದೆ, ಇನ್ನೂ ಬಿಚ್ಚಿಲ್ಲ ಎಂದಳು. ಕ್ಲಾಸಿಗೆ ಹೋಗುತ್ತಾಳಂತೆ, ಬಂದು ಗೋಡೆ ನೋಡಿಕೊಂಡು ಕೂರುತ್ತಾಳಂತೆ. ಶನಿವಾರ ಊರಿಗೆ ಹೊರಟುಬಿಡುತ್ತೇನೆ ಎಂದಿದ್ದಾಳಂತೆ. ಏನಾದರೂ ಮಾತಾಡಿ ತಾತ ಎಂದಳು.

ಸಂಜೆ ಜಗುಲಿಯಲ್ಲಿ ಕೂತೆ. ನನ್ನ ಹೆಂಡತಿಯ ಫೋನು ಗೋಡೆಯ ಗೂಡಿನಲ್ಲಿತ್ತು. ಚಾರ್ಜಿಗೆ ಹಾಕಿದ್ದೆ. ಅದರಿಂದಲೇ ಮಾಡಿದೆ. ಬಹಳ ಹೊತ್ತು ಬಡಿದುಕೊಂಡಿತು. ಆ ಕಡೆ ಅಜ್ಜಿ ಎಂದು ಹೆಸರು ಬರುತ್ತಿತ್ತಲ್ಲ, ಅದನ್ನು ನೋಡುತ್ತಾ ಕೂತಿದ್ದಳಂತೆ. ಆಮೇಲೆ ಎತ್ತಿದಳು.

ನನಗೆ ಏನು ಹೇಳಬೇಕು ಎಂದು ತಿಳಿಯಲಿಲ್ಲ. ತಿಳಿದಿದ್ದನ್ನು ಕೇಳಿದೆ.

ಊಟ ಆಯ್ತಾ ಎಂದೆ. ಇಲ್ಲ ಎಂದಳು. ಮುದ್ದೆ ಇತ್ತಾ ಎಂದೆ. ಇತ್ತು ಎಂದಳು. ಕಿಟಕಿ ತೆಗೆದಿದ್ದೀಯಾ ಎಂದೆ. ತೆಗೀತೀನಿ ಎಂದಳು. ಕನಕಪುರದವಳು ಜಗಳಕ್ಕೆ ಬಂದಳಾ ಎಂದೆ. ಇಲ್ಲ ತಾತ, ಅವಳು ಬಾಗಿಲಲ್ಲಿ ನಿಂತು ಅಳುತ್ತಿದ್ದಾಳೆ ಎಂದಳು.

ಅಲ್ಲಿಗೆ ಮುಗಿಯಿತು. ಇನ್ನು ಒಂದೇ ಮಾತು ಉಳಿದಿತ್ತು. ದಿನಾ ಅದನ್ನೇ ಕೇಳಿ ಕಿವಿಗೆ ರೂಢಿ. ಬಾಯಿ ತಾನಾಗಿಯೇ ಆಡಿತು.

"ತಾತನ್ ತಾವ ಮಾತಾಡ್ತೀಯಾ?" ಎಂದೆ.

ಫೋನು ಕಟ್ಟಾಯಿತು ಎಂದುಕೊಂಡೆ. ಆಮೇಲೆ ಮೂಗಿನಲ್ಲಿ ಒಂದು ಸದ್ದು ಬಂತು. ನಗುವೋ, ಅಳುವೋ. ಅದು ದೊಡ್ಡದಾಯಿತು. ಕನಕಪುರದವಳದೂ ಸೇರಿಕೊಂಡಿತು. ಪಕ್ಕದ ಕೋಣೆಯವರು ಬಂದಿರಬೇಕು, ಅವರದೂ ಸೇರಿತು. ಬಹಳ ಹೊತ್ತಿನ ಮೇಲೆ ಹುಡುಗಿ ಉಸಿರು ತೆಗೆದುಕೊಂಡಳು.

"ಕೊಡು" ಎಂದಳು.

ಫೋನನ್ನು ಈ ಕಿವಿಯಿಂದ ತೆಗೆದು ಆ ಕಿವಿಗೆ ಇಟ್ಟುಕೊಂಡೆ.

"ಯಾರು?" ಎಂದೆ.

"ನಾನು, ತಾತ. ಬ್ಯಾಗು ಬಿಚ್ತಾ ಇದ್ದೀನಿ. ಒಸಿ ಹೊತ್ತು ಇಡಬ್ಯಾಡ, ಲೈನಲ್ಲೇ ಇರು."

ಇದ್ದೆ.