ಬೈಟು ಬೋರ್ಬನ್

‘ಬೈಟು’ ಎಂಬ ಪದವನ್ನು ಕಂಡುಹಿಡಿದ ಮಹಾನುಭಾವ ಖಂಡಿತ ಒಂಟಿಯಾಗಿರಲಿಲ್ಲ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿಕೊಂಡು ಕುಡಿಯುವ ಈ ಪವಿತ್ರ ಪದ್ಧತಿಯನ್ನು ನಾನೂ ರುದ್ರಪ್ಪನೂ ಮಂಡಿಪೇಟೆಯ ಒಂದು ಹೋಟೆಲಿನಲ್ಲಿ ಮೂವತ್ತು ವರ್ಷ ನಿಷ್ಠೆಯಿಂದ ನಡೆಸಿಕೊಂಡು ಬಂದೆವು. ಇಬ್ಬರೂ ಒಂದೇ ಮೆಕ್ಕೆಜೋಳದ ಅಂಗಡಿಯ ನೌಕರರು. ಕಾಳನ್ನು ಹಲ್ಲಿನಲ್ಲಿ ಕಡಿದು, ಹಸಿಯೋ ಒಣಗಿದೆಯೋ ಎಂದು ತೀರ್ಪು ಕೊಡುವುದು ನಮ್ಮ ಕೆಲಸ. ಕಾಲಾಂತರದಲ್ಲಿ ನನ್ನ ಹಲ್ಲು ಹೋದವು. ಹೋದ ವರ್ಷ ರುದ್ರಪ್ಪನೇ ಹೋದ. ಅಂದಿನಿಂದ ನನ್ನದೊಂದು ವಿಚಿತ್ರ ಕಷ್ಟ. ಪೂರ್ತಿ ಕಾಫಿ ಕುಡಿದರೆ ಎದೆ ಉರಿಯುತ್ತದೆ. ಅರ್ಧ ಕಾಫಿಯನ್ನು ಒಬ್ಬನಿಗೆ ಯಾವ ಹೋಟೆಲಿನವನೂ ಕೊಡುವುದಿಲ್ಲ. ಎದುರು ಕೂತ ಅಪರಿಚಿತರೊಬ್ಬರನ್ನು, ಬೈಟು ಮಾಡೋಣವೇ ಎಂದು ವಿನಯದಿಂದ ಕೇಳಿ ನೋಡಿದೆ. ಅವರು ಜೇಬು ಮುಟ್ಟಿ ನೋಡಿಕೊಂಡು ಬೇರೆ ಟೇಬಲ್ಲಿಗೆ ಎದ್ದು ಹೋದರು.

ವಿನೋಬನಗರದ ಒಂದು ಕೋಣೆಯಲ್ಲಿ ಮದುವೆಯ ತಂಟೆಯಿಲ್ಲದೆ ಬಾಳಿದವನು ನಾನು. ಮೊನ್ನೆ ಕ್ಷೌರದಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದಾಗ ಒಂದು ಸುದ್ದಿ ಕಿವಿಗೆ ಬಿತ್ತು: ಹರಿಹರದ ಆಚೆ ಮದ್ಯದ ಒಂದು ಪುಟ್ಟ ಭಟ್ಟಿ ಇದೆಯಂತೆ, ಭಾನುವಾರ ಹೋದರೆ ಎಲ್ಲ ತೋರಿಸಿ ರುಚಿಗೂ ಕೊಡುತ್ತಾರಂತೆ. ಮೂನ್‌ಶೈನ್, ಬೋರ್ಬನ್ ಎಂದು ಎರಡು ಬಗೆ, ಎರಡೂ ಮೆಕ್ಕೆಜೋಳದ್ದೇ. ಬೋರ್ಬನ್ ಎಂದರೆ ನಾನು ಅಲ್ಲಿಯವರೆಗೆ ಬಿಸ್ಕತ್ತು ಎಂದೇ ನಂಬಿದ್ದೆ. ಮೂನ್‌ಶೈನ್ ಎಂದರೆ ನಮ್ಮ ಕಳ್ಳಭಟ್ಟಿಯೇ, ಬೋರ್ಬನ್ ಎಂದರೆ ಮರದ ಪೀಪಾಯಿಯಲ್ಲಿಟ್ಟು ಮಾಗಿಸಿದ ವಿಸ್ಕಿ ಎಂದು ಕ್ಷೌರಿಕ ವಿವರಿಸಿದ. ಸರ್ಕಾರದ ಪರವಾನಗಿ ಪಡೆದ ಕಳ್ಳಭಟ್ಟಿಯನ್ನು ನೋಡದೆ ಸಾಯುವುದು ಒಬ್ಬ ನಾಗರಿಕನಿಗೆ ಶೋಭಿಸುವುದಿಲ್ಲ. ಇದು ನಾನು ಊರಿಗೆ ಹೇಳಿದ ಕಾರಣ. ನಿಜವಾದ ಕಾರಣವೆಂದರೆ, ಕುಡಿದವರು ಪಕ್ಕದಲ್ಲಿ ಯಾರಿದ್ದರೂ ಮಾತಾಡಿಸುತ್ತಾರೆ ಎಂದು ಕೇಳಿದ್ದೆ.

ಇಸ್ತ್ರಿ ಅಂಗಿ ತೊಟ್ಟು ಹರಿಹರದ ಬಸ್ಸು ಹತ್ತಿ, ಅಲ್ಲಿಂದ ಆಟೋದಲ್ಲಿ ಹೋದೆ. ನನ್ನ ಜೊತೆ ಒಳಹೊಕ್ಕ ನಾಲ್ವರು ತರುಣರು ತಾಮ್ರದ ಹಂಡೆಯ ಮುಂದೆ ಫೋಟೋ ತೆಗೆಸಿಕೊಂಡರು. ಎಲ್ಲರಿಗೂ ಮೊದಲು ಒಂದೊಂದು ಗುಟುಕು ಮೂನ್‌ಶೈನ್ ಸಿಕ್ಕಿತು. ತರುಣರು ಬೋರ್ಬನ್ನನ್ನೂ ನಿಂತಲ್ಲೇ ಸುರುವಿಕೊಂಡು, “ಸೂಪರ್” ಎಂದು ಹೊರಟೇ ಹೋದರು. ಉಳಿದವರು ಇಬ್ಬರೇ, ನಾನು ಮತ್ತು ಭಟ್ಟಿ ನೋಡಿಕೊಳ್ಳುವ, ಪಕ್ಕದ ಸಾರಥಿ ಎಂಬ ಹಳ್ಳಿಯ ಹನುಮಂತಪ್ಪ. ನಲವತ್ತು ದಾಟಿದ ಗಂಭೀರ ಮನುಷ್ಯ. ನಿಮಗೂ ಬೋರ್ಬನ್ ಹಾಕಲೇ ಎಂದು ಕೇಳಿದ. ಮೂವತ್ತು ವರ್ಷದ ಅಭ್ಯಾಸ ನೋಡಿ, ಬಾಯಿ ತಾನಾಗಿಯೇ ಹೇಳಿತು: “ಒಂದು ಬೈಟು ಕೊಡಪ್ಪ.”

ಅವನು ಎರಡು ಪುಟ್ಟ ಗ್ಲಾಸಿಟ್ಟು ಸಮಸಮನಾಗಿ ಸುರಿದು, ಬಾಗಿಲ ಕಡೆ ನೋಡಿದ.

“ಇನ್ನೊಬ್ರು ಎಲ್ಲದಾರ್ರಿ ಸಾರ್?”

“ಅವರು ಬರಂಗಿಲ್ಲ ಬಿಡು. ನೀನೇ ತಗಾ.”

“ಬ್ಯಾಡ್ರಿ. ಮದ್ವಿಯಾಗ ಹೆಂಡ್ತಿಗೆ ಮಾತು ಕೊಟ್ಟೀನಿ.”

ಮೂರು ವರ್ಷದಿಂದ ಇದನ್ನು ಕಾಯಿಸಿ ಇಳಿಸುತ್ತಿರುವ ಮನುಷ್ಯ ಒಂದು ಹನಿಯನ್ನೂ ನಾಲಿಗೆಗೆ ಸೋಕಿಸಿರಲಿಲ್ಲ. ಸ್ಟೂಲು ಎಳೆದುಕೊಂಡು ಹತ್ತಿರ ಕೂತು, ದನಿ ತಗ್ಗಿಸಿ ಕೇಳಿದ: “ಹೆಂಗೈತ್ರಿ ಅದು? ಯಾರ್ನ ಕೇಳಿದ್ರೂ ಸೂಪರ್ ಅಂತಾರ್ರಿ. ಸೂಪರ್ ಅಂದ್ರ ಹೆಂಗಿರ್ತೈತ್ರಿ?”

ಗ್ಯಾಸ್ ಸಿಲಿಂಡರಿನವನು ಓಟಿಪಿ ಕೇಳಿದ್ದು ಬಿಟ್ಟರೆ ಒಂದು ವರ್ಷದಿಂದ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ನ್ಯಾಯಪೀಠವೇರಿದವನಂತೆ ನೆಟ್ಟಗೆ ಕೂತೆ. ಮೂನ್‌ಶೈನ್ ಎಂದರೆ ಹಸಿ ಕಾಳು, ಇನ್ನೂ ಹಾಲು ಆರಿಲ್ಲ, ಗಂಟಲಲ್ಲಿ ಜಗಳಕ್ಕೆ ನಿಲ್ಲುತ್ತದೆ ಎಂದೆ. ಜಗಳ ಗಂಟಲಿನ ಮೇಲೋ ಕೆಳಗೋ ಎಂದು ಅವನು ವಿಚಾರಿಸಿದ. ಬೋರ್ಬನ್ ಸ್ವಲ್ಪ ಸ್ವಲ್ಪವೇ ಹೀರಿ ಹೇಳಿದೆ: ಇದು ಒಣಗಿದ ಕಾಳು, ಬಿಸಿಲಲ್ಲಿ ಗೋದಾಮಿನ ಬಾಗಿಲು ತೆಗೆದಾಗ ಬರುವ ವಾಸನೆ, ಅದರ ಬೆನ್ನಿಗೇ ತಳ ಹಿಡಿದ ಬೆಲ್ಲದ ಪಾಕ. ಹನುಮಂತಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ. ಕೊನೆಗೆ ತುಟಿ ಚಪ್ಪರಿಸಿದ. ಬಾಯಿ ನನ್ನದು, ರುಚಿ ಅವನದು. ಒಂದು ವರ್ಷದ ಮೇಲೆ ಬೈಟು ಶಾಸ್ತ್ರೋಕ್ತವಾಗಿ ನೆರವೇರಿತು.

ಇನ್ನೊಂದು ಗ್ಲಾಸು ಹಾಗೆಯೇ ಇತ್ತು. ಅದನ್ನೂ ನೋಡಿ ಹೇಳ್ರಿ ಎಂದ ಹನುಮಂತಪ್ಪ. ಅದು ರುದ್ರಪ್ಪನ ಪಾಲು. ಎತ್ತಿ ಕುಡಿದೆ. ಅದೇ ಬಾಟಲಿ, ಅದೇ ಅಳತೆ.

“ಹೆಂಗೈತ್ರಿ?”

“ಇದು ಸ್ವಲ್ಪ ಹಸಿ ಐತಪ್ಪ,” ಎಂದು ಕನ್ನಡಕ ಒರೆಸಿಕೊಂಡೆ.

ಹಸಿ ಮಾಲನ್ನು ಒಂದೇ ಸಲ ನೋಡಿ ತೀರ್ಮಾನಿಸುವ ಪದ್ಧತಿ ನಮ್ಮ ಮಂಡಿಪೇಟೆಯಲ್ಲಿಲ್ಲ. ಆದ್ದರಿಂದ ಬರುವ ಭಾನುವಾರ ಮರುಪರೀಕ್ಷೆ ಆಗಲೇಬೇಕೆಂದು, ಅಲ್ಲಿ ಯಾರೂ ಆಕ್ಷೇಪಿಸದಿದ್ದರೂ, ಗಟ್ಟಿ ದನಿಯಲ್ಲಿ ವಾದಿಸಿ ಬಂದೆ.