ಟವಲಿನ ಕೆಳಗೊಂದು ಕಂಪ್ಯೂಟರ್ ವ್ಯಾಪಾರ

ಸಾಲಿಗ್ರಾಮದ ಕಾಂತರಾಜುವಿನ ಮನೆಯಲ್ಲಿ ಕಂಪ್ಯೂಟರಿನ ಸ್ವಿಚ್ಚು ಒತ್ತಿದವರು ಹಾಲು ತಂದು, ಕಾಯಿಸಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಪರದೆಯ ಮೇಲೆ ಆ ಚಕ್ರ ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತಿತ್ತು. ಹದಿನಾಲ್ಕು ವರ್ಷದ ಯಂತ್ರ ಅದು. ಎಡ ಪಕ್ಕೆಗೆ ಅಂಗೈಯಲ್ಲಿ ಎರಡು ಬಿಟ್ಟರೆ ಏಳುತ್ತಿತ್ತು, ಮೂರು ಬಿಟ್ಟರೆ ಮತ್ತೆ ಮಲಗುತ್ತಿತ್ತು. ಬದಲಾಯಿಸಬೇಕೆಂದು ಕಾಂತರಾಜು ಮೂರು ವರ್ಷದಿಂದ ಯೋಚಿಸುತ್ತಿದ್ದ. ದಸರಾ ಕಳೆಯಲಿ ಅಂದ, ಸಂಕ್ರಾಂತಿ ಬರಲಿ ಅಂದ, ಇನ್ನೊಂದು ಸಲ ರಿಪೇರಿ ಮಾಡಿಸಿ ನೋಡೋಣ ಅಂದ. ಅಕ್ಕಿ ಗಿರಣಿಯ ಗುಮಾಸ್ತನಾದ ಅವನಿಗೆ ಯಾವ ವಸ್ತುವನ್ನೂ ಅದು ಪೂರ್ತಿ ಸವೆಯುವ ಮೊದಲು ಎಸೆದು ಅಭ್ಯಾಸವಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಮಗಳು ಪುಟ್ಟಿ ಮಾದರಿ ಪರೀಕ್ಷೆಗೆ ಕೂತಳು. ಅಸಲಿ ಪರೀಕ್ಷೆ ಮಾರನೇ ದಿನ ಒಂಬತ್ತು ಗಂಟೆಗೆ. ಮನೆಯಲ್ಲೇ ಕೂತು ಬರೆಯಬೇಕು, ಮೊಬೈಲಿನಲ್ಲಿ ಆಗುವುದಿಲ್ಲ. ಪಾಸಾದರೆ ಕಾಲೇಜಿನ ಮೂರು ವರ್ಷಕ್ಕೂ ವಿದ್ಯಾರ್ಥಿವೇತನ. ಮೂರನೇ ಪ್ರಶ್ನೆಗೆ ಬರುವಷ್ಟರಲ್ಲಿ ಕಂಪ್ಯೂಟರ್ ಒಮ್ಮೆ ಗೊರಗೊರ ಎಂದು ನಿಂತೇಹೋಯಿತು.

ಪುಟ್ಟಿ ಅಳಲಿಲ್ಲ, ಕೂಗಾಡಲಿಲ್ಲ. "ಅಪ್ಪ, ಇವತ್ತು ಸಂಜೆ ಒಳಗೆ ಬೇರೇದು ಬರ್ಲಿಲ್ಲ ಅಂದ್ರೆ ನಾಳೆ ಪರೀಕ್ಷೆಗೆ ನೀನೇ ಕೂತ್ಕೊ" ಎಂದು ಹೇಳಿ ಒಳಗೆ ಹೋದಳು.

ಕೆ.ಆರ್. ನಗರದಲ್ಲಿ ಮುಜಾಮಿಲ್ ಎಂಬಾತನ ಅಂಗಡಿಯಿತ್ತು. ಹಳೆಯದನ್ನು ಕೊಟ್ಟು ಮೇಲಿಷ್ಟು ಹಣ ಕಟ್ಟಿದರೆ ಒಳ್ಳೆಯದನ್ನು ಕೊಡುತ್ತಾನೆಂದು ಹೆಸರು. ಕಾಂತರಾಜು ಕವರಿನಲ್ಲಿ ದುಡ್ಡಿಟ್ಟುಕೊಂಡು, ಯಂತ್ರವನ್ನು ಎತ್ತಿ ಜಗುಲಿಗೆ ತರುವಷ್ಟರಲ್ಲಿ ಪಕ್ಕದ ಮನೆಯ ಸಣ್ಣಬೀರಯ್ಯ ಬಂದು ನಿಂತಿದ್ದ. ನಲವತ್ತು ವರ್ಷ ದನದ ಸಂತೆಗಳಲ್ಲಿ ದಲ್ಲಾಳಿಯಾಗಿದ್ದ ಮನುಷ್ಯ. ಕಸುಬು ಬಿಟ್ಟು ಐದು ವರ್ಷವಾಗಿದ್ದರೂ ಹೆಗಲ ಮೇಲಿನ ಟವಲು ಇಳಿದಿರಲಿಲ್ಲ.

"ಇಂಗೇ ಒಡ್ಕೊಂಡೋಗಿ ಮಾರೀಯಾ? ಮೈ ತೊಳ್ದಿಲ್ಲ, ಎಣ್ಣೆ ಸವ್ರಿಲ್ಲ. ಯಾವನ್ಲಾ ಮುಟ್ಟಾನು ಇದ್ನ?"

"ಇದು ಕಂಪ್ಯೂಟರ್ ಕಣಣ್ಣ."

"ಯಾವ್ದಾದ್ರೇನು, ನಾಕ್ ಕಾಲಿಲ್ಲ ಅಷ್ಟೇಯ."

ಬೇಡವೆನ್ನುವ ಮೊದಲೇ ಹರಳೆಣ್ಣೆ ಬಂತು. ಕೊಂಬಿಗೆ ಸವರುವ ಹಾಗೆ ಮೂಲೆ ಮೂಲೆಗೂ ಸವರಿಸಿಕೊಂಡು ಕಂಪ್ಯೂಟರ್ ಮದುವೆಗಂಡಿನಂತೆ ಮಿರಮಿರ ಮಿಂಚಿತು. ಗಾಳಿಯಾಡುವ ಕಿಂಡಿಗಳಿಂದ ಅರ್ಧ ಎಣ್ಣೆ ಒಳಗೇ ಇಳಿಯಿತು. ಕಾಂತರಾಜುವಿನ ಹೆಂಡತಿ ಯಶೋದಮ್ಮ ಬಾಗಿಲಲ್ಲಿ ನಿಂತು, ಈ ಮನುಷ್ಯನನ್ನು ಕರೆದೊಯ್ಯಬೇಡಿ ಎಂದು ಕಣ್ಣಲ್ಲೇ ಹೇಳುತ್ತಿದ್ದಳು. ಅಷ್ಟರಲ್ಲಿ ಸಣ್ಣಬೀರಯ್ಯ ಆಟೋದಲ್ಲಿ ಕೂತು ಜಾಗ ಸರಿಮಾಡಿಕೊಂಡಿದ್ದ. ಗಡಿಬಿಡಿಯಲ್ಲಿ ಕಾಂತರಾಜು ಚಾರ್ಜಿಗಿಟ್ಟ ಫೋನನ್ನು ಮನೆಯಲ್ಲೇ ಮರೆತ.

ದಾರಿಯುದ್ದಕ್ಕೂ ಪಾಠ ನಡೆಯಿತು. ಬೆಲೆಯನ್ನು ಬಾಯಲ್ಲಿ ಆಡಬಾರದು. ಟವಲಿನ ಕೆಳಗೆ ಕೈ ಇಡಬೇಕು. ಎದುರಿನವನು ಎಷ್ಟು ಬೆರಳು ಹಿಡಿದರೆ ಅಷ್ಟು ಸಾವಿರ. ಒಪ್ಪಿದರೆ ಕೈ ಬಿಗಿ ಹಿಡಿ, ಒಪ್ಪದಿದ್ದರೆ ಕೊಡವು. ತೊಡೆಯ ಮೇಲೆ ಸೋರುತ್ತಿದ್ದ ಹರಳೆಣ್ಣೆ ಒರೆಸಿಕೊಳ್ಳುತ್ತಾ ಕಾಂತರಾಜು ಹೂಂಗುಟ್ಟಿದ.

ಅಂಗಡಿಯಲ್ಲಿ ಮುಜಾಮಿಲ್ ಇರಲಿಲ್ಲ. ಯಾರೋ ಫೋನು ಮಾಡಿದರೆಂದು ಈಗತಾನೆ ಹೊರಗೆ ಹೋಗಿದ್ದ. ಅವನ ತಂದೆ ಶಕೀಲ್ ಸಾಹೇಬರು ಕೂತಿದ್ದರು. ಒಂದು ಕಾಲಕ್ಕೆ ಎತ್ತಿನ ವ್ಯಾಪಾರ ಮಾಡಿದವರು. ಟವಲು ನೋಡಿದ್ದೇ ಅವರ ಮುಖ ಅರಳಿತು. ಎರಡು ಸಲ ಟೀ ಬಂತು. ಮುದುಕರಿಬ್ಬರೂ ಸತ್ತ ಎತ್ತುಗಳನ್ನೆಲ್ಲ ಒಂದೊಂದಾಗಿ ನೆನೆದರು. ಮಗಳ ಪರೀಕ್ಷೆ ಎಂದು ಕಾಂತರಾಜು ನಡುವೆ ಎರಡು ಸಲ ಬಾಯಿ ಬಿಟ್ಟ. ವ್ಯಾಪಾರಕ್ಕೆ ಅವಸರ ಕೂಡದೆಂದು ಇಬ್ಬರೂ ಒಟ್ಟಿಗೆ ಬುದ್ಧಿ ಹೇಳಿದರು.

ಕೊನೆಗೆ ಸಾಹೇಬರು ಎದ್ದು ಕಂಪ್ಯೂಟರನ್ನು ಒಂದು ಸುತ್ತು ಬಂದರು. ಬಣ್ಣ ನೋಡಿದರು, ಗೇಣಿನಲ್ಲಿ ಎತ್ತರ ಅಳೆದರು, ಅಂಗಡಿಯ ಮೂಲೆಯ ಕಡೆ ಕಣ್ಣು ಹಾಯಿಸಿ ತಮ್ಮಷ್ಟಕ್ಕೆ ತಲೆದೂಗಿದರು. ಸಣ್ಣಬೀರಯ್ಯ ಟವಲು ಹಾಸಿ ಕಾಂತರಾಜುವಿನ ಕೈಯನ್ನು ಅದರೊಳಕ್ಕೆ ತಳ್ಳಿದ.

ಕಾಂತರಾಜುವಿಗೆ ಅಂಗೈ ಮುಟ್ಟಿದರೆ ಕಚಗುಳಿ. ಸಾಹೇಬರು ನಾಲ್ಕು ಬೆರಳು ಹಿಡಿದದ್ದೇ ತಡ, ಕಚಗುಳಿ ಕಂಕುಳಿನವರೆಗೆ ಏರಿ, ಅವನು ಉಸಿರು ಕಟ್ಟಿ ಕೈ ಬಿಗಿದ.

"ಮುಗೀತು ಬುಡಿ" ಎಂದರು ಸಾಹೇಬರು. ಸಣ್ಣಬೀರಯ್ಯ ಟವಲು ಎತ್ತಿದ.

ಈ ಗುಜರಿಗೆ ನಾಲ್ಕು ಸಾವಿರವೇ ಎಂದು ಕಾಂತರಾಜು ಒಳಗೊಳಗೇ ಹಿಗ್ಗುತ್ತಿದ್ದಾಗ ಸಾಹೇಬರು ಮೂಲೆಯಿಂದ ಗೋಣಿಚೀಲ ಮುಚ್ಚಿದ್ದೊಂದನ್ನು ಎಳೆದು ತಂದರು. ಚೀಲ ತೆಗೆದರೆ ಅದೇ ಕಂಪನಿ, ಅದೇ ಮಾಸಲು ಬಣ್ಣ, ಎಡ ಪಕ್ಕೆಯಲ್ಲಿ ಏಟು ತಿಂದು ಬಿದ್ದ ಅದೇ ತಗ್ಗು.

"ಒಂಟಿ ಎತ್ತಿನಂಗೆ ಇದೊಂದ್ನೇ ತಕ್ಕೊಂಡ್ ಬಂದಾಗ್ಲೇ ತಿಳೀತು, ನೀವು ಜೋಡಿ ಹುಡುಕ್ಕೊಂಡ್ ಬಂದೋರು ಅಂತ. ಇದ್ಕಿಂತ ಒಪ್ಪೋ ಜೋಡಿ ಸಿಗಾಕಿಲ್ಲ. ನಾಕ್ ಸಾವ್ರ ಕೊಡಿ."

ಹಳೆಯದನ್ನು ಕೊಟ್ಟು ಒಳ್ಳೆಯದನ್ನು ಒಯ್ಯಲು ಬಂದವನು ತಾನು, ಜೋಡಿ ಮಾಡಲು ಅಲ್ಲ ಎಂದು ಕಾಂತರಾಜು ತೊದಲಿದ. ಸಣ್ಣಬೀರಯ್ಯ ಅವನ ರಟ್ಟೆ ಹಿಡಿದು ಪಕ್ಕಕ್ಕೆ ಕರೆದ. "ನಲವತ್ ವರ್ಸದಲ್ಲಿ ನನ್ ಟವಲಡಿ ಆದ ಮಾತು ಮುರ್ದಿಲ್ಲ ಕಣ್ಲಾ. ಇವತ್ತು ಮುರುದ್ರೆ ನಾನು ಸಾಯೋಗಂಟ ಈ ಟವಲ್ನ ಎಗಲ್ ಮ್ಯಾಲೆ ಹಾಕಂಗಿಲ್ಲ." ಅತ್ತ ಸಾಹೇಬರ ಕಣ್ಣಲ್ಲಿ ಸಂತೋಷದ ನೀರು. ಕಾಂತರಾಜು ಕವರು ಬಿಚ್ಚಿದ. ಅದರಲ್ಲಿ ಉಳಿದದ್ದು ಆಟೋಗೆ ಸರಿಯಾಯಿತು.

ಎರಡೆರಡು ಕಂಪ್ಯೂಟರುಗಳ ನಡುವೆ ಮೊಣಕಾಲು ಮಡಚಿ ಕೂತು ಬಂದವನನ್ನು ಯಶೋದಮ್ಮ ಬಾಗಿಲಲ್ಲೇ ತಡೆದಳು. ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು. ಆಮೇಲೆ ನಡೆದದ್ದು ಹೇಳಿದಳು. ಸಣ್ಣಬೀರಯ್ಯ ಜೊತೆಗೆ ಹೊರಟದ್ದು ನೋಡಿ ಹೆದರಿ ಅವಳೇ ಮುಜಾಮಿಲ್‌ಗೆ ಫೋನು ಮಾಡಿ, ಒಳ್ಳೆಯದೊಂದನ್ನು ಮನೆಗೇ ತರಲು ಹೇಳಿದ್ದಳು. ಅವನು ಒಂದೇ ವರ್ಷ ಓಡಿದ ಚಂದದ ಕಂಪ್ಯೂಟರನ್ನು ಬೈಕಿನಲ್ಲಿಟ್ಟುಕೊಂಡು ಮನೆಗೇ ಬಂದಿದ್ದ. ಕೊಡಲು ಹಳೆಯದೂ ಇಲ್ಲ, ಕವರೂ ಇಲ್ಲ. ಕಾಂತರಾಜುವಿಗೆ ಕರೆ ಮಾಡಿದರೆ ಫೋನು ಗೋಡೆಯ ಪಕ್ಕವೇ ಬಡಿದುಕೊಂಡಿತು.

"ಆಮೇಲೆ? ವಾಪಸ್ ತಕ್ಕೊಂಡೋದ್ನಾ?"

"ಭದ್ರಮ್ಮ ಕೊಂಡ್ಕೊಂಡ್ಳು. ಪಿರಿಯಾಪಟ್ಟಣದ ಮೊಮ್ಮಗೂನ ಪರದೆ ಮೇಲೆ ದೊಡ್ಡದಾಗಿ ನೋಡ್ಬೇಕಂತೆ. ಎಷ್ಟು ಅಂದ್ಳು, ಇಷ್ಟು ಅಂದ, ಕೊಟ್ಳು. ಟವಲೂ ಇಲ್ಲ, ಎಂಥದೂ ಇಲ್ಲ."

ಭದ್ರಮ್ಮ ಸಣ್ಣಬೀರಯ್ಯನ ಹೆಂಡತಿ. ಪುಟ್ಟಿ ಆಗಲೇ ಆ ಮನೆಯಲ್ಲಿದ್ದಳು. ಒಂದು ಸಲ ಸೀನುವಷ್ಟರಲ್ಲಿ ತೆರೆದುಕೊಳ್ಳುತ್ತದಂತೆ ಆ ಕಂಪ್ಯೂಟರ್. ಪರೀಕ್ಷೆಯನ್ನು ಅಲ್ಲೇ ಬರೆಯಲು ಭದ್ರಮ್ಮ ಸಂತೋಷವಾಗಿ ಒಪ್ಪಿದ್ದಳು. ಬದಲಿಗೆ ಕಾಂತರಾಜು ದಿನಾ ಸಂಜೆ ಬಂದು ಮೊಮ್ಮಗುವಿಗೆ ವಿಡಿಯೋ ಕರೆ ಹಚ್ಚಿಕೊಡಬೇಕು, ಅಷ್ಟೆ.

ಸಣ್ಣಬೀರಯ್ಯ ಜಗುಲಿಯ ಮೇಲೆ ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ, ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದ. "ಎಂಥಾ ಜೋಡಿ ಕಣ್ಲಾ. ಎಚ್.ಡಿ. ಕೋಟೆ ಕಡೆ ಒಬ್ಬ ಗಿರಾಕಿ ಅವ್ನೆ, ನಾಳೀಕೆ ಓಗ್ಬರನ" ಎನ್ನುತ್ತಾ ಬೆವರೊರೆಸಲು ಹೆಗಲ ಟವಲಿಗೆ ಕೈ ಹಾಕಿದ.

ಕಾಂತರಾಜು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ.