ಪಿಸುಮಾತಿಗೂ ಒಬ್ಬ ದುಭಾಷಿ

ನನ್ನ ನೆನಪನ್ನು ನಾನು ನಂಬುವುದು ಬಿಟ್ಟು ಬಹಳ ಕಾಲವಾಯಿತು. ಗ್ಯಾಸ್ ಆರಿಸಿದೆನೇ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ಮರಳುವವರು ಎಲ್ಲ ಊರಿನಲ್ಲೂ ಇದ್ದಾರೆ. ನಾನು ಮರಳಿ ನೋಡಿದ್ದು ಹೌದೇ ಎಂದು ನೋಡಲು ಮತ್ತೊಮ್ಮೆ ಮರಳುವವನು. ಇಂಥವನು ವಿಶ್ವವಿದ್ಯಾಲಯದಲ್ಲಿ ಸಂಜ್ಞಾ ಭಾಷೆ ಕಲಿತು, ಕಿವಿ ಕೇಳಿಸದವರಿಗೂ ಕೇಳಿಸುವವರಿಗೂ ನಡುವೆ ದುಭಾಷಿಯಾಗಿ ನಿಲ್ಲುತ್ತೇನೆಂದು ಹೊರಟದ್ದು ಯಾವ ಧೈರ್ಯದಿಂದಲೋ. ಪದವಿಯ ಜೊತೆ ಆತ್ಮವಿಶ್ವಾಸವನ್ನೂ ಕೊಡುತ್ತಾರೆಂದು ಕಾದದ್ದು ಮಾತ್ರ ನೆನಪಿದೆ. ಮೂಡುಬಿದಿರೆಯ ಬಸ್ಸಿನಲ್ಲಿ ಕೂತು ಸಂಜ್ಞೆಗಳನ್ನು ಅಭ್ಯಾಸ ಮಾಡಿದರೆ ಕಂಡಕ್ಟರ್ "ಇಳೀಲಿಕ್ಕುಂಟಾ?" ಎಂದು ವಿಸಿಲ್ ಊದುತ್ತಾನೆ.

ಮೊದಲ ಕೆಲಸಕ್ಕೆ ಕರೆದವಳು ಗುರುವಾಯನಕೆರೆಯ ಶ್ವೇತಾ. ಹುಟ್ಟಿನಿಂದ ಅವಳಿಗೆ ಕಿವಿ ಕೇಳಿಸದು. ಪೇಟೆಯಲ್ಲಿ ಸ್ವಂತ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಬಂಟ್ವಾಳದಿಂದ ಹುಡುಗನ ಕಡೆಯವರು ನೋಡಲು ಬರುತ್ತಾರೆ, ಇಷ್ಟು ದಿನ ನನ್ನ ಪರವಾಗಿ ಅಪ್ಪ ಮಾತಾಡಿದ್ದು ಸಾಕು, ನೀವು ಬನ್ನಿ ಎಂದು ಮೆಸೇಜು. ಮದುವೆಯಾದರೆ ಅಂಗಡಿ ಉಳಿಯುತ್ತದೆಯೇ ಎಂಬುದೊಂದೇ ಅವಳ ಚಿಂತೆ.

ನಮ್ಮ ಕೆಲಸಕ್ಕೆ ಒಂದು ಕಟ್ಟಳೆ ಇದೆ: ಕೋಣೆಯಲ್ಲಿ ಕೇಳಿಸಿದ್ದನ್ನೆಲ್ಲ ಕೈಯಲ್ಲಿ ಹೇಳಬೇಕು. ಶ್ವೇತಾಳ ಮನೆಯಲ್ಲಿ ಹುಡುಗನ ಕಡೆಯವರು ಬಂದು ಕೂತ ಮೇಲೆ ಹೇಳುತ್ತಾ ಹೋದೆ. ಸೆಕೆ, ಹೈವೇ ಕೆಲಸ, ಗೋಳಿಬಜೆ ಮೆತ್ತಗಿರುವುದು. ಹುಡುಗನ ಚಿಕ್ಕಮ್ಮ ಪಕ್ಕದವರತ್ತ ಬಾಗಿ ತುಳುವಿನಲ್ಲಿ, "ಅಂಗಡಿಯೆಲ್ಲ ಮದುವೆಯವರೆಗೆ. ಆಮೇಲೆ ಮುಚ್ಚಿಸಿದರಾಯ್ತು" ಎಂದು ಪಿಸುಗುಟ್ಟಿದರು. ನನ್ನ ಕೈ ಅದನ್ನೂ ಹೇಳಿತು.

ಶ್ವೇತಾ ಕಾಫಿ ಲೋಟ ಕೆಳಗಿಟ್ಟು ನನ್ನ ಮೂಲಕ ಕೇಳಿದಳು: "ಅಂಗಡಿ ಯಾಕೆ ಮುಚ್ಚಬೇಕು?"

"ನಾನು ಯಾವಾಗ ಹಾಗೆ ಹೇಳಿದೆ ಮಾರಾಯ್ರೆ?" ಚಿಕ್ಕಮ್ಮ ನನ್ನನ್ನೇ ದಿಟ್ಟಿಸಿದರು. "ನಿಮಗೆ ಕಿವಿ ಸರಿ ಕೇಳ್ತದಲ್ಲ?"

ಅದನ್ನೂ ಕೈಯಲ್ಲಿ ಹೇಳಬೇಕಾಯಿತು.

"ಇವರು ಹೊಸಬರು, ಈಗಷ್ಟೇ ಪಾಸಾದದ್ದು" ಎಂದು ಶ್ವೇತಾಳ ಅಪ್ಪ ನನ್ನ ಪರವಾಗಿ ಸಮಜಾಯಿಷಿ ಕೊಟ್ಟರು. ಶ್ವೇತಾ ಮಾತ್ರ ನನ್ನತ್ತ ತಿರುಗಿ, ಅವರು ಹೇಳಿದರೋ ಇಲ್ಲವೋ ಎಂದು ಕೇಳಿದಳು. ನನಗೇ ಅನುಮಾನ ಶುರುವಾಯಿತು. ಚಿಕ್ಕಮ್ಮ ಮಾತಾಡಿದಷ್ಟು ಖಚಿತವಾಗಿ ನಾನು ನನ್ನ ಹೆಸರನ್ನೂ ಹೇಳಲಾರೆ. ತಪ್ಪು ಕೇಳಿಸಿತು ಎಂದುಬಿಟ್ಟರೆ ಎಲ್ಲರಿಗೂ ಇನ್ನೊಂದು ಸುತ್ತು ಕಾಫಿ, ಅವಳ ಅಂಗಡಿಗೆ ಬೀಗ. "ಹೇಳಿದರು" ಎಂದೆ, ಕೈಯಲ್ಲೂ ಬಾಯಲ್ಲೂ.

ಗೋಳಿಬಜೆ ತಿನ್ನುತ್ತಿದ್ದ ಹುಡುಗ, "ಹೌದಲ್ಲ ಚಿಕ್ಕಮ್ಮ, ಅದು ಮನೆಯಲ್ಲೇ ಮಾತಾಡಿ ಆಗಿತ್ತಲ್ಲ" ಎಂದ.

ಶ್ವೇತಾ ಕೈಯಾಡಿಸಿದಳು. ನಾನು ದನಿ ಕೊಟ್ಟೆ: "ಹಾಗಾದರೆ ನನಗೆ ಈ ಸಂಬಂಧ ಬೇಡ."

ಗೇಟಿನವರೆಗೆ ಬಂದ ಅವಳ ಅಪ್ಪ ಬೇಸರದಿಂದ, "ಒಳ್ಳೆ ಜನ ಆಗಿದ್ರು. ನೀವು ಸ್ವಲ್ಪ ಕಡಿಮೆ ಕೇಳಿಸಿಕೊಳ್ಬಹುದಿತ್ತು" ಎಂದರು.

ಬಸ್ಸಿನಲ್ಲಿ ಹೆಮ್ಮೆ ಬರಬೇಕಿತ್ತು; ಬಂದದ್ದು ಆಕಳಿಕೆ. ಅಷ್ಟರಲ್ಲಿ ಶ್ವೇತಾಳ ವೀಡಿಯೋ ಬಂತು: ಮುಂದಿನ ಭಾನುವಾರ ಅಳದಂಗಡಿಯಿಂದ ಇನ್ನೊಬ್ಬ ಹುಡುಗನ ಕಡೆಯವರು ನೋಡಲು ಬರುತ್ತಾರೆ, ನೀವೇ ಬರಬೇಕು ಎಂದು ಕೈಯಲ್ಲಿ ಹೇಳಿದ್ದಳು. ಅದನ್ನು ಅಳಿಸದೆ ಇಟ್ಟುಕೊಂಡಿದ್ದೇನೆ. ನನ್ನನ್ನು ಒಮ್ಮೆ ನೋಡಿದವರು ಮತ್ತೆ ಕೆಲಸಕ್ಕೆ ಕರೆದರು ಎಂದು ಬರೀ ನನ್ನ ನೆನಪು ಹೇಳಿದ್ದರೆ ನಾನು ನಂಬುವವನಲ್ಲ.